ನಾರಾಯಣಪುರದಲ್ಲಿ ಮಾಸ್ತರರಿಗೊಂದು ಆಟದ ಪೀರಿಯಡ್

ಸುರಪುರದಿಂದ ಹುಣಸಗಿ, ಕೊಡೇಕಲ್ ದಾಟಿ ನಾರಾಯಣಪುರದ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಎರಡು ಬಣ್ಣಗಳು ನಮ್ಮ ಜೊತೆಗೇ ಬರುತ್ತವೆ. ಕಾಲುವೆಯ ನೀರು ಮುಟ್ಟಿದಲ್ಲಿ ಬತ್ತದ ಹಸಿರು, ಮುಟ್ಟದಲ್ಲಿ ಎರೆ ಹೊಲದ ಕಪ್ಪು. ನಡುನಡುವೆ ಯಾರೋ ಕೈಯಿಂದ ಪೇರಿಸಿಟ್ಟಂತೆ ಕಾಣುವ ಬಂಡೆಗಳ ಗುಡ್ಡ. ನಾಲ್ಕು ವರ್ಷಗಳ ಹಿಂದಿನ ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯ ನಲವತ್ತೆರಡು ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಈ ದಾರಿಯಲ್ಲಿ ಹೊರಟಿದ್ದೆ. ಶೈಕ್ಷಣಿಕ ಪ್ರವಾಸ ಎಂದು ಕಾಗದದಲ್ಲಿ ಬರೆದಿದ್ದೆವು. ಶಿಕ್ಷಣವಾದದ್ದು ಮಕ್ಕಳಿಗಿಂತ ಹೆಚ್ಚಾಗಿ ನನಗೆ ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಹುಣಸಗಿ ಬಂದಾಗ ನನ್ನ ವಿವರಣೆ ಆರಂಭವಾಯಿತು. ಈ ಹುಣಸಗಿ-ಬೈಚಬಾಳ ಕಣಿವೆ ಪ್ರಾಗೈತಿಹಾಸದ ವಿದ್ಯಾರ್ಥಿಗಳಿಗೆ ತೀರ್ಥಕ್ಷೇತ್ರವಿದ್ದಂತೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಇಲ್ಲಿ ದಶಕಗಳ ಕಾಲ ಓಡಾಡಿ ಆದಿಮಾನವನ ನೆಲೆಗಳನ್ನು ಗುರುತಿಸಿದರು. ಹತ್ತಿರದ ಇಸಾಂಪುರದಲ್ಲಿ ಕಲ್ಲು ಒಡೆದು ಆಯುಧ ಮಾಡುತ್ತಿದ್ದ ತಾಣವೇ ಸಿಕ್ಕಿದೆ. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದು ಎಂದು ಅಂದಾಜು. "ಆಗಿನ ಹುಡುಗರಿಗೆ ಸಾಲಿ ಇರಲಿಲ್ಲೇನ್ರಿ ಸರ?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು. ಅಪ್ಪ ಕಲ್ಲು ಒಡೆಯುವುದನ್ನು ನೋಡಿ ಮಕ್ಕಳೂ ಪಕ್ಕದಲ್ಲಿ ಕುಳಿತು ಕಲ್ಲು ಕುಟ್ಟಿ ಆಡಿರಬೇಕು, ಅದೇ ಅವರ ಶಾಲೆ ಎಂದು ನಾನು ಉತ್ತರಿಸಿದೆ. ನನ್ನ ಬಾಯಿಂದಲೇ ಬಂದ ಆ ಮಾತಿನ ಅರ್ಥ ನನಗೆ ಆಗ ತಿಳಿದಿರಲಿಲ್ಲ.

ಅಣೆಕಟ್ಟೆಯ ಮುಂದೆ ಒಂದು ಪ್ರಶ್ನೆ

ನಾರಾಯಣಪುರದ ಬಸವಸಾಗರವನ್ನು ಮೊದಲ ಸಲ ನೋಡಿದವರು ಸ್ವಲ್ಪ ಹೊತ್ತು ಮಾತನಾಡುವುದಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಎರಡು ಜಲಾಶಯಗಳಲ್ಲಿ ಇದು ಕೆಳಗಿನದು. ಮೇಲಿನದು ಆಲಮಟ್ಟಿ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಯೋಜನೆಗೆ ಅಡಿಗಲ್ಲು ಇಟ್ಟರು, ನಾರಾಯಣಪುರದ ಕಟ್ಟೆ ಮುಗಿದದ್ದು 1982ರಲ್ಲಿ. ಎತ್ತರ 29 ಮೀಟರು, ಉದ್ದ ಹತ್ತೂವರೆ ಕಿಲೋಮೀಟರಿಗೂ ಹೆಚ್ಚು, ಬಾಗಿಲುಗಳು ಮೂವತ್ತು. ಈಗಿನ ಲೆಕ್ಕದಲ್ಲಿ ಸುಮಾರು 33 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರು. ಇಲ್ಲಿಂದ ಹೊರಡುವ ಎಡದಂಡೆ ಕಾಲುವೆ 78 ಕಿಲೋಮೀಟರು ಹರಿದು ಶಾಖೆಗಳಾಗಿ ಒಡೆದು ಸುರಪುರ, ಶಹಾಪುರ ಸೀಮೆಯ ಹೊಲಗಳನ್ನು ತಲುಪುತ್ತದೆ.

ಕಟ್ಟೆಯ ಬುಡ ಯಾಕೆ ಅಗಲ, ತುದಿ ಯಾಕೆ ಕಿರಿದು ಎಂದು ಮಕ್ಕಳಿಗೆ ಹೇಳಿದೆ. ಹತ್ತು ಮೀಟರು ಆಳಕ್ಕೆ ಇಳಿದಂತೆಲ್ಲ ನೀರಿನ ಒತ್ತಡ ಸುಮಾರು ಒಂದು ವಾಯುಮಂಡಲದಷ್ಟು ಏರುತ್ತದೆ. ಆಚೆ ಹಿನ್ನೀರಿನಲ್ಲಿ ಮೀನುಗಾರರ ತೆಪ್ಪವೊಂದು ತೇಲುತ್ತಿತ್ತು. ಅದನ್ನು ತೋರಿಸಿ ಆರ್ಕಿಮಿಡೀಸನ ತತ್ವವನ್ನೂ ಹೇಳಿ ಮುಗಿಸಿದೆ. ದ್ರವದಲ್ಲಿ ಮುಳುಗಿದ ವಸ್ತು ತಾನು ಪಲ್ಲಟಗೊಳಿಸಿದ ದ್ರವದ ತೂಕದಷ್ಟೇ ಬಲದಿಂದ ಮೇಲಕ್ಕೆ ತಳ್ಳಲ್ಪಡುತ್ತದೆ. ಇಪ್ಪತ್ತೆಂಟು ವರ್ಷ ಹೇಳಿದ ವಾಕ್ಯ, ನಿದ್ದೆಯಲ್ಲೂ ತಪ್ಪುವುದಿಲ್ಲ.

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: "ಸರ, ನಿಮಗ ಈಸ್ಲಾಕ ಬರ್ತದೇನ್ರಿ?"

ಕುಚೇಷ್ಟೆಯ ಪ್ರಶ್ನೆಯಲ್ಲ ಅದು. ತಿಳಿಯುವ ಆಸೆಯಿಂದಲೇ ಕೇಳಿದ್ದಳು. "ಇಲ್ಲವ್ವ, ಬರೋದಿಲ್ಲ" ಎಂದೆ. ನಲವತ್ತೆರಡು ಮಕ್ಕಳು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ತೇಲುವುದು ಹೇಗೆಂದು ಅವರಿಗೆ ಕಲಿಸುವ ಮಾಸ್ತರರಿಗೇ ತೇಲಲು ಬರುವುದಿಲ್ಲ!

ನಾನು ಹುಟ್ಟಿದ್ದು ಭೀಮಾ ನದಿಯಿಂದ ಕೂಗಳತೆಯ ಊರಿನಲ್ಲಿ. ಓರಗೆಯವರೆಲ್ಲ ಮಡುವಿನಲ್ಲಿ ಬಿದ್ದು ಎದ್ದು ಈಜು ಕಲಿತರು. ನಮ್ಮ ತಂದೆ ಮಾತ್ರ ನನ್ನನ್ನು ನದಿಯ ಕಡೆ ಬಿಡಲಿಲ್ಲ. ಅವರ ಅಣ್ಣ, ನಮ್ಮ ದೊಡ್ಡಪ್ಪ, ಚಿಕ್ಕವರಿದ್ದಾಗಲೇ ಹೊಳೆಯ ಪಾಲಾಗಿದ್ದರು. ಆ ಭಯವನ್ನು ತಂದೆ ಎಂದೂ ಬಾಯಿಬಿಟ್ಟು ಹೇಳಲಿಲ್ಲ. "ಆಟ ಆಡಿದ್ರ ಓದು ಕೆಡ್ತದ" ಎನ್ನುತ್ತಿದ್ದರು. ನದಿಯೊಂದಿಗೆ ಚಿಣಿಫಣಿ, ಗೋಲಿ, ಬುಗುರಿ ಎಲ್ಲಕ್ಕೂ ಅದೇ ಮಾತು. ನಾನು ಓದಿದೆ, ಬಿ.ಎಸ್ಸಿ., ಬಿ.ಇಡಿ. ಆದೆ, ನೌಕರಿ ಹಿಡಿದೆ. ತಂದೆಯ ಮಾತು ಸರಿ ಎಂಬುದಕ್ಕೆ ನಾನೇ ಸಾಕ್ಷಿ ಎಂದುಕೊಂಡೆ. ಅದನ್ನೇ ನನ್ನ ವಿದ್ಯಾರ್ಥಿಗಳಿಗೂ ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಮಾಡಿಯೂ ತೋರಿಸಿದೆ. ಪ್ರತಿ ವರ್ಷ ಜನವರಿ ಬಂತೆಂದರೆ ಹತ್ತನೆಯ ತರಗತಿಯ ಆಟದ ಪೀರಿಯಡ್‌ಗಳನ್ನು ದೈಹಿಕ ಶಿಕ್ಷಕರಿಂದ ಕೇಳಿ ಪಡೆದು ವಿಜ್ಞಾನದ ಪುನರಾವರ್ತನೆ ಮಾಡಿಸುತ್ತಿದ್ದೆ. ಪಾಲಕರು ಮೆಚ್ಚಿದರು. ನಾನೂ ಹೆಮ್ಮೆಪಟ್ಟೆ.

ಹುಲಿ-ಕುರಿಯ ಕಟ್ಟೆ

ಮಧ್ಯಾಹ್ನ ಊರಿನ ಗುಡಿಯ ಹತ್ತಿರ ಮಕ್ಕಳು ಬುತ್ತಿ ಬಿಚ್ಚಿದರು. ಕಟ್ಟೆಯ ಹಾಸುಗಲ್ಲಿನ ಮೇಲೆ ಹುಲಿ-ಕುರಿ ಆಟದ ಗೆರೆಗಳನ್ನು ಕೊರೆದಿದ್ದರು. ಇಬ್ಬರು ವೃದ್ಧರು ಅದರ ಮುಂದೆ ಕುಳಿತಿದ್ದರು. ಒಬ್ಬರ ಕೈಯಲ್ಲಿ ಹುಣಸೆ ಬೀಜ, ಇನ್ನೊಬ್ಬರ ಕೈಯಲ್ಲಿ ಇದ್ದಿಲಿನ ಚೂರು. ಹುಲಿಗಳು ಕಡಿಮೆ, ಕುರಿಗಳು ಹೆಚ್ಚು. ಹುಲಿಗೆ ಹಾರಿ ಹೊಡೆಯುವ ಬಲ, ಕುರಿಗೆ ಕೂಡಿ ಸುತ್ತುವರಿಯುವ ಉಪಾಯ. ನನ್ನ ವಿದ್ಯಾರ್ಥಿಯೊಬ್ಬ ಅಜ್ಜನ ಎದುರು ಕುಳಿತು ಹುಲಿಯಾದ. ಹತ್ತು ನಿಮಿಷದಲ್ಲಿ ಅವನ ಹುಲಿಗಳೆಲ್ಲ ಕಟ್ಟಿಬಿದ್ದವು. "ಹುಲಿ ಅಂತ ಬರೇ ಹಾರಿದ್ರ ಆಗಂಗಿಲ್ಲೋ ತಮ್ಮ, ಮುಂದಿನ ಮನಿ ನೋಡಬೇಕು" ಎಂದರು ಅಜ್ಜ. ತರಗತಿಯಲ್ಲಿ ಐದು ನಿಮಿಷ ಒಂದೆಡೆ ಕೂರದ ಆ ಹುಡುಗ ಇನ್ನೊಂದು ಆಟಕ್ಕೆ ಕುಳಿತ. ಕೈಯಲ್ಲಿದ್ದ ರೊಟ್ಟಿಯನ್ನು ಮರೆತಿದ್ದ.

ಮಕ್ಕಳು ಸುಮ್ಮನಿರುತ್ತಾರೆಯೇ? ನಮ್ಮ ಸರಗೆ ಈಜು ಬರುವುದಿಲ್ಲ ಎಂಬ ಸುದ್ದಿ ಅಜ್ಜನ ಕಿವಿಗೂ ಮುಟ್ಟಿತು. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಬ್ಯಾಸಿಗಿ ಸೂಟ್ಯಾಗ ಬರ್ರಿ ಮಾಸ್ತರ. ನಮ್ಮ ಹೊಲದಾಗ ಬಾವಿ ಅದ. ಬುರುಡಿ ಕಟ್ಟಿ ಎಂಟು ದಿನದಾಗ ಕಲಸ್ತೀನಿ" ಎಂದರು. "ಐವತ್ತು ದಾಟ್ಯಾವ್ರಿ ನನಗ" ಎಂದೆ. "ನೀರಿಗೇನು ವಯಸ್ಸು ಗೊತ್ತಾಗ್ತದೇನ್ರಿ?" ಎಂದು ಮತ್ತೆ ಹುಣಸೆ ಬೀಜ ಹಿಡಿದರು.

ಆ ಮಾತನ್ನು ಮರೆತೇ ಬಿಡುತ್ತಿದ್ದೆ. ಆದರೆ ಅದೇ ಫೆಬ್ರವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ವೈದ್ಯರು ಗುಳಿಗೆ ಬರೆದುಕೊಟ್ಟು, ದಿನಾಲು ಚುರುಕಾಗಿ ನಡೆಯಬೇಕು ಎಂದರು. ನಡೆದೆ. ನಿಜ ಹೇಳಬೇಕೆಂದರೆ, ನಡೆದದ್ದಕ್ಕಿಂತ ಗಡಿಯಾರ ನೋಡಿದ್ದೇ ಹೆಚ್ಚು. ಮೂರನೆಯ ವಾರಕ್ಕೆ ನೆಪಗಳು ಹುಟ್ಟಿಕೊಂಡವು. ಇವತ್ತು ಮಂಜು, ಇವತ್ತು ಪೇಪರ್ ತಿದ್ದುವುದಿದೆ, ಇವತ್ತು ಅಮಾವಾಸ್ಯೆ! ಪರೀಕ್ಷೆಯ ಕೆಲಸವೆಲ್ಲ ಮುಗಿದ ಮೇಲೆ ವೈದ್ಯರ ಒಪ್ಪಿಗೆ ಪಡೆದು, ಮೇ ತಿಂಗಳ ಒಂದು ಬೆಳಿಗ್ಗೆ ನಾರಾಯಣಪುರಕ್ಕೆ ಹೋದೆ.

ಬುರುಡೆ ಕಲಿಸಿದ ಭೌತಶಾಸ್ತ್ರ

ಮೆಟ್ಟಿಲು ಬಾವಿ ಅದು. ಆಗಲೇ ಆರೆಂಟು ಮಕ್ಕಳು ದಬದಬನೆ ಹಾರುತ್ತಿದ್ದರು. ಮುತ್ಯಾ ನನ್ನ ಬೆನ್ನಿಗೆ ಎರಡು ಒಣಗಿದ ಸೋರೆ ಬುರುಡೆಗಳನ್ನು ಕಟ್ಟಿದರು. ಸೊಂಟಕ್ಕೆ ಹಗ್ಗ ಬಿಗಿದು ಅದರ ಇನ್ನೊಂದು ತುದಿಯನ್ನು ತಮ್ಮ ಕೈಗೆ ಸುತ್ತಿಕೊಂಡರು. ಮೊದಲ ದಿನ ಕೊನೆಯ ಮೆಟ್ಟಿಲು ಬಿಟ್ಟ ಕೂಡಲೇ ನಾನು ಮಾಡಿದ ಕೆಲಸ ಎರಡು ಕೈಗಳನ್ನೂ ಆಕಾಶಕ್ಕೆ ಎತ್ತಿ ಕೂಗಿದ್ದು. ಕೂಗಿದ ಕೂಡಲೇ ಮುಳುಗಿದೆ. ಮೇಲಿದ್ದ ಒಂಬತ್ತು ವರ್ಷದ ಮೊಮ್ಮಗಳು, "ಸರ, ಕೈ ನೀರಾಗ ಇಡ್ರಿ! ಕೈ ನೀರಾಗ!" ಎಂದು ಕಿರುಚುತ್ತಿದ್ದಳು.

ಅವಳು ಹೇಳಿದ್ದು ಶುದ್ಧ ಆರ್ಕಿಮಿಡೀಸ್. ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಎದೆ ತುಂಬ ಗಾಳಿ ಇದ್ದರೆ ನೀರಿಗಿಂತ ತುಸು ಕಡಿಮೆ, ಗಾಳಿ ಹೊರಹೋದರೆ ತುಸು ಹೆಚ್ಚು. ಹೆದರಿ ಕೂಗಿದವನು ತನ್ನನ್ನು ತೇಲಿಸುವ ಗಾಳಿಯನ್ನೇ ಹೊರಗೆ ಹಾಕುತ್ತಾನೆ. ಕೈ ಮೇಲೆತ್ತಿದವನು ನೀರು ಹೊತ್ತಿದ್ದ ಕೈಗಳ ಭಾರವನ್ನು ತಿರುಗಿ ತನ್ನ ಮೇಲೆ ಹೇರಿಕೊಳ್ಳುತ್ತಾನೆ. ಆಗ ಮುಳುಗುವುದು ಮೂಗು. ಬುರುಡೆಯ ಕೆಲಸವೂ ಅಷ್ಟೇ ಸರಳ. ದೊಡ್ಡವರ ತಲೆಯ ತೂಕ ಸುಮಾರು ನಾಲ್ಕೈದು ಕಿಲೋ. ಐದಾರು ಲೀಟರು ಹಿಡಿಯುವಷ್ಟು ದೊಡ್ಡದಾದ ಹಗುರ ಬುರುಡೆ ಪೂರ್ತಿ ಮುಳುಗಿದರೆ ಅಷ್ಟೇ ಕಿಲೋ ಭಾರವನ್ನು ಎತ್ತಿ ಹಿಡಿಯಬಲ್ಲದು. ಅಂದರೆ ಒಂದು ಬುರುಡೆ ಒಂದು ತಲೆಯನ್ನು ನೀರಿನ ಮೇಲಿಡುತ್ತದೆ. ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದದ್ದು ತಲೆಗೆ, ಕೈಕಾಲಿಗಲ್ಲ.

ಎಂಟು ದಿನದಲ್ಲಿ ಕಲಿಯಲಿಲ್ಲ. ಹನ್ನೆರಡನೆಯ ದಿನ ಒಂದು ಬುರುಡೆ ಬಿಚ್ಚಿದರು, ಹದಿನಾರನೆಯ ದಿನ ಇನ್ನೊಂದು. ಆ ದಿನ ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಮುಟ್ಟಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಬಿ.ಇಡಿ. ಫಲಿತಾಂಶ ಬಂದ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ.

ವ್ಯಾಯಾಮ ಮತ್ತು ಆಟ

ಬಾವಿಗೆ ಹೋಗಲು ನಾನು ಒಂದು ದಿನವೂ ನೆಪ ಹೇಳಲಿಲ್ಲ ಎಂಬುದನ್ನು ಗಮನಿಸಿದೆ. ಅಲಾರಂ ಹೊಡೆಯುವ ಮೊದಲೇ ಏಳುತ್ತಿದ್ದೆ. ವ್ಯಾಯಾಮಕ್ಕೂ ಆಟಕ್ಕೂ ಇರುವ ವ್ಯತ್ಯಾಸ ಇದೇ ಎಂದು ನನಗೆ ತೋರುತ್ತದೆ. ವ್ಯಾಯಾಮವನ್ನು ಫಲಕ್ಕಾಗಿ ಮಾಡುತ್ತೇವೆ, ಆದ್ದರಿಂದ ಫಲ ತಡವಾದರೆ ಬಿಡುತ್ತೇವೆ. ಆಟವನ್ನು ಆಟಕ್ಕಾಗಿಯೇ ಆಡುತ್ತೇವೆ, ಫಲ ತಾನಾಗಿ ಬರುತ್ತದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆವರುವಷ್ಟು ಚಟುವಟಿಕೆಯಿಂದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ದುಡಿಯುವ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತವೆ, ಇನ್ಸುಲಿನ್ನಿಗೆ ಹೆಚ್ಚು ಚೆನ್ನಾಗಿ ಸ್ಪಂದಿಸುತ್ತವೆ. ನನ್ನ ಗುಳಿಗೆ ನಿಂತಿಲ್ಲ, ನಿಲ್ಲುತ್ತದೆ ಎಂದು ಯಾರಿಗೂ ಹೇಳಲಾರೆ. ಆದರೆ ರಾತ್ರಿಯ ನಿದ್ದೆ ಮರಳಿದೆ, ಸಿಟ್ಟು ಕಡಿಮೆಯಾಗಿದೆ. ಎರಡನೆಯದಕ್ಕೆ ಮನೆಯವರೇ ಸಾಕ್ಷಿ.

ದೊಡ್ಡವರಿಗೆ ಆಟ ಶೋಭೆಯಲ್ಲ ಎನ್ನುವವರಿಗೆ ಒಂದು ಛಾಯಾಚಿತ್ರದ ಸಂಗತಿ ಹೇಳಬೇಕು. ಪರಮಾಣುವಿನ ರಚನೆಗಾಗಿ ನೊಬೆಲ್ ಪಡೆದ ನೀಲ್ಸ್ ಬೋರ್ ಮತ್ತು ಇನ್ನೊಬ್ಬ ನೊಬೆಲ್ ವಿಜ್ಞಾನಿ ವೋಲ್ಫ್‌ಗಾಂಗ್ ಪೌಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಬಗ್ಗಿ ನಿಂತು ನೆಲದ ಮೇಲೆ ತಿರುಗುವ ಬುಗುರಿಯೊಂದನ್ನು ನೋಡುತ್ತಿದ್ದಾರೆ. ತಿರುಗುತ್ತ ತಲೆಕೆಳಗಾಗಿ ನಿಲ್ಲುವ ಬುಗುರಿ ಅದು. ಆಗ ಬೋರ್ ಅರವತ್ತು ದಾಟಿದ್ದರು. ಹಾಗೆಯೇ ರಿಚರ್ಡ್ ಫೈನ್‌ಮನ್. ಭೌತಶಾಸ್ತ್ರವೇ ಬೇಸರವಾಗಿದ್ದ ದಿನಗಳಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಉಪಾಹಾರ ಗೃಹದಲ್ಲಿ ಯಾರೋ ಗಾಳಿಗೆ ಎಸೆದ ತಟ್ಟೆ ಓಲಾಡುತ್ತ ತಿರುಗುವುದನ್ನು ಕಂಡು, ಸುಮ್ಮನೆ ಮೋಜಿಗೆ ಅದರ ಲೆಕ್ಕ ಮಾಡತೊಡಗಿದರು. ತಮಗೆ 1965ರ ನೊಬೆಲ್ ತಂದ ಕೆಲಸಕ್ಕೆ ಮರಳಿದ್ದು ಆ ತಟ್ಟೆಯ ಆಟದಿಂದಲೇ ಎಂದು ಅವರೇ ಬರೆದುಕೊಂಡಿದ್ದಾರೆ.

ಮಕ್ಕಳ ವಿಷಯಕ್ಕೆ ಬಂದರೆ, ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಗೋಲಿ ಆಡುವ ಹುಡುಗರ ಜೊತೆ ತಾವೂ ಕುಳಿತು, ನಿಯಮ ಎಂದರೇನು, ಅದನ್ನು ಯಾರು ಮಾಡಿದರು, ಬದಲಿಸಬಹುದೇ ಎಂದು ಅವರನ್ನು ಕೇಳಿದರು. ಅದರಿಂದ ಹುಟ್ಟಿದ ಅವರ ಪುಸ್ತಕ 1932ರಲ್ಲಿ ಬಂತು. ಸಣ್ಣ ಮಕ್ಕಳಿಗೆ ನಿಯಮವೆಂದರೆ ದೊಡ್ಡವರು ಕೊಟ್ಟದ್ದು, ಮುಟ್ಟಬಾರದ್ದು. ಆಡುತ್ತ ಬೆಳೆದ ಮಕ್ಕಳಿಗೆ ಅದು ಎಲ್ಲರೂ ಕೂಡಿ ಒಪ್ಪಿದ್ದು. ಅಂಪೈರ್ ಇಲ್ಲದ ಚಿಣಿಫಣಿಯಲ್ಲಿ "ಔಟ್", "ಔಟಿಲ್ಲ" ಎಂದು ಜಗಳವಾಡಿ, ಕೊನೆಗೆ ಒಂದು ತೀರ್ಮಾನಕ್ಕೆ ಬಂದು ಆಟ ಮುಂದುವರಿಸುವ ಮಕ್ಕಳು ಪೌರನೀತಿಯ ಪಾಠವನ್ನು ಪುಸ್ತಕವಿಲ್ಲದೆ ಓದುತ್ತಿರುತ್ತಾರೆ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚುರುಕು ಚಟುವಟಿಕೆ ಬೇಕು ಎನ್ನುವುದು ಅದೇ ಆರೋಗ್ಯ ಸಂಸ್ಥೆಯ ಮಾತು. ಹಗಲು ಬೆಳಕಿನಲ್ಲಿ ಹೊರಗೆ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಎಂದು ಕಣ್ಣಿನ ತಜ್ಞರು ಕಂಡುಕೊಂಡಿದ್ದಾರೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಹಕ್ಕು ಎಂದೇ ಕರೆಯುತ್ತದೆ. 1992ರಲ್ಲಿ ನಮ್ಮ ದೇಶವೂ ಅದನ್ನು ಒಪ್ಪಿಕೊಂಡಿದೆ. ಅಂದರೆ ಜನವರಿಯಿಂದ ಮಾರ್ಚಿಯವರೆಗೆ ನಾನು ಪಡೆದುಕೊಳ್ಳುತ್ತಿದ್ದದ್ದು ನನ್ನದಲ್ಲದ ವಸ್ತು.

ಲೆಕ್ಕ ಹಾಕಿದೆ. ವಾರಕ್ಕೆ ಎರಡು, ವರ್ಷಕ್ಕೆ ಹತ್ತು ವಾರ, ಇಪ್ಪತ್ತೆಂಟು ವರ್ಷ. ಒಟ್ಟು 560 ಪೀರಿಯಡ್. ನಲವತ್ತು ನಿಮಿಷದಂತೆ 373 ಗಂಟೆ. ಈ ಸಾಲವನ್ನು ಆ ಮಕ್ಕಳಿಗೆ ಇನ್ನು ತೀರಿಸುವಂತಿಲ್ಲ. ಅವರೆಲ್ಲ ದೊಡ್ಡವರಾಗಿ ತಮ್ಮ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಾರೆ.

ಕಾಲುವೆಯ ಮಾತು

ಪಾಲಕರ ಭಯವನ್ನು ನಾನು ಹಗುರಾಗಿ ಕಾಣುವುದಿಲ್ಲ. ನಮ್ಮ ತಂದೆಯ ಭಯ ಸುಳ್ಳಾಗಿರಲಿಲ್ಲ. ನೀರಾವರಿ ಬಂದ ಊರುಗಳಲ್ಲಿ ಬಾವಿಗಳ ಬಳಕೆ ಕಡಿಮೆಯಾಯಿತು. ಬಾವಿಯ ಜೊತೆಗೆ ಬುರುಡೆ ಕಟ್ಟಿ ಕಲಿಸುವ ಹಿರಿಯರೂ ಮರೆಯಾಗುತ್ತಿದ್ದಾರೆ. ಈಜು ಬಾರದ ಮಕ್ಕಳು ಬೇಸಿಗೆಯಲ್ಲಿ ಕಾಲುವೆಗೆ ಇಳಿಯುತ್ತಾರೆ. ಕಾಲುವೆ ಬಾವಿಯಲ್ಲ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತವಿದೆ. ಇಳಿಜಾರಿನ ಕಾಂಕ್ರೀಟು ಗೋಡೆಗೆ ಪಾಚಿ ಹಿಡಿದಿರುತ್ತದೆ, ಘರ್ಷಣೆ ಇಲ್ಲದಲ್ಲಿ ಕಾಲು ಊರುವುದಿಲ್ಲ, ಬಲ್ಲವನೂ ಹತ್ತಿ ಬರಲಾರ. ಮಕ್ಕಳೇ, ಕಾಲುವೆಗೆ, ಜಲಾಶಯಕ್ಕೆ, ಅಣೆಕಟ್ಟೆಯ ಕೆಳಗಿನ ನದಿಗೆ ಆಟಕ್ಕೆಂದು ಎಂದೂ ಇಳಿಯಬೇಡಿ. ಪಾಲಕರೇ, ನೀರಿಗೆ ಹೋಗಬೇಡ ಎಂದು ಹೇಳಿದರೆ ಸಾಲದು. ಬಲ್ಲ ಹಿರಿಯರೊಬ್ಬರ ಕೈಗೆ ಹಗ್ಗ ಕೊಟ್ಟು ಈಜು ಕಲಿಸಿ. ಬೇಡ ಎಂದಷ್ಟೇ ಹೇಳಿಸಿಕೊಂಡ ಮಗು ನೀರನ್ನು ಕದ್ದು ನೋಡಲು ಹೋಗುತ್ತದೆ.

ಕಲಿತ ಆಟ ಎಲ್ಲಿ ಒದಗುತ್ತದೆ ಎಂದು ಯಾರು ಬಲ್ಲರು? ನಾರಾಯಣಪುರದಿಂದ ಕೆಳಗೆ ಕೃಷ್ಣೆಯ ನಡುಗಡ್ಡೆಯಲ್ಲಿ ನೀಲಕಂಠರಾಯನ ಗಡ್ಡಿ ಎಂಬ ಊರಿದೆ. 2014ರ ಪ್ರವಾಹದಲ್ಲಿ ಊರು ನೀರಿನ ನಡುವೆ ಸಿಕ್ಕಿಕೊಂಡಾಗ, ಒಂಬತ್ತು ತಿಂಗಳ ಗರ್ಭಿಣಿಯೊಬ್ಬರು ಒಣಗಿದ ಬುರುಡೆಗಳನ್ನು ಕಟ್ಟಿಕೊಂಡು, ಮನೆಯ ಗಂಡಸರ ಬೆಂಗಾವಲಿನಲ್ಲಿ ನದಿ ಈಜಿ ದಡ ಸೇರಿದರು. ಸುದ್ದಿ ದೇಶದ ಹೊರಗೂ ಹೋಯಿತು. ಒಂದು ಹೆರಿಗೆಗೆ ಹೊಳೆ ಈಜಬೇಕಾದದ್ದು ನಾವೆಲ್ಲ ತಲೆತಗ್ಗಿಸಬೇಕಾದ ಸಂಗತಿ. ಆದರೆ ಈಜಲೂ ಬಾರದಿದ್ದರೆ? ಬಾವಿಯಲ್ಲಿ ಬುರುಡೆ ಕಟ್ಟಿಸಿಕೊಂಡು ಕೈ ಬಡಿಯುವಾಗಲೆಲ್ಲ ಆ ತಾಯಿಯ ನೆನಪಾಗುತ್ತಿತ್ತು.

ಪಂಚಮಿಯ ಜೋಕಾಲಿ

ಆ ವರ್ಷ ಶ್ರಾವಣದಲ್ಲಿ ಮತ್ತೆ ನಾರಾಯಣಪುರಕ್ಕೆ ಹೋದೆ. ಬಾಗಿಲುಗಳು ತೆರೆದಿದ್ದವು. ನೀರಿನ ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಹೊಳೆಯ ದಂಡೆಯ ಛಾಯಾ ಭಗವತಿ ದೇವಸ್ಥಾನಕ್ಕೆ ನೀರು ನುಗ್ಗಿತ್ತು, ಭಕ್ತರು ದೂರದಿಂದಲೇ ಕೈ ಮುಗಿಯುತ್ತಿದ್ದರು. ಊರಿನೊಳಗೆ ಬೇವಿನ ಮರಕ್ಕೆ ಪಂಚಮಿಯ ಜೋಕಾಲಿ ಕಟ್ಟಿದ್ದರು. ಮೊದಲು ಮಕ್ಕಳು, ಆಮೇಲೆ ತವರಿಗೆ ಬಂದ ಹೆಣ್ಣುಮಕ್ಕಳು, ಕೊನೆಗೆ ಅರವತ್ತು ದಾಟಿದ ಮುತ್ಯಾನ ಮನೆಯಾಕೆ ಸೀರೆ ಸೆರಗು ಸೊಂಟಕ್ಕೆ ಸಿಗಿಸಿ ಹಗ್ಗ ಹಿಡಿದರು. "ಜೋಕಾಲಿ ಆಡಿದ್ರ ಮಂಡಿ ನೋವು ಮರೀತದ್ರಿ ಮಾಸ್ತರ" ಎಂದು ಮೇಲಿನಿಂದಲೇ ಕೂಗಿದರು. ಲೋಲಕದ ಆವರ್ತನ ಕಾಲ ಹಗ್ಗದ ಉದ್ದವನ್ನು ಅವಲಂಬಿಸಿದೆ, ಕುಳಿತವರ ತೂಕವನ್ನಲ್ಲ ಎಂದು ಪಕ್ಕದಲ್ಲಿದ್ದ ಹುಡುಗನಿಗೆ ಹೇಳಹೊರಟವನು, ಬಾಯಿ ಮುಚ್ಚಿಕೊಂಡು ನನ್ನ ಸರದಿಗೆ ನಿಂತೆ.

ನಮ್ಮ ಹಿರಿಯರು ಹಬ್ಬದ ಹೆಸರಿನಲ್ಲಿ ದೊಡ್ಡವರಿಗೂ ಆಟದ ಪೀರಿಯಡ್ ಇಟ್ಟಿದ್ದರು. ಪಂಚಮಿಗೆ ಜೋಕಾಲಿ, ಜಾತ್ರೆಗೆ ಕುಸ್ತಿ, ಸುರಪುರದ ವೇಣುಗೋಪಾಲಸ್ವಾಮಿಯ ಉತ್ಸವದಲ್ಲಿ ನೀರೆರಚುವ ನಡುವೆಯೇ ಎತ್ತರದ ಗಂಬ ಏರುವ ಸಾಹಸ. ನಾವು ಅವನ್ನು ನೋಡುವವರಾಗಿ ಉಳಿದೆವು, ಆಡುವವರಾಗಿ ಅಲ್ಲ.

ಈಗ ಜನವರಿ ಬಂದರೂ ನಾನು ಆಟದ ಪೀರಿಯಡ್ ಕೇಳುವುದಿಲ್ಲ. ಮೊದಲ ವರ್ಷ ಪಾಲಕರ ಸಭೆಯಲ್ಲಿ ಒಬ್ಬರು ಎದ್ದು, "ಆಟ ಆಡಿಸಿ ಮಾರ್ಕ್ಸ್ ಎಲ್ಲಿಂದ ತರ್ತೀರಿ ಸರ?" ಎಂದರು. ನನ್ನ ಬಳಿ ದೊಡ್ಡ ಉತ್ತರವಿರಲಿಲ್ಲ. ಒಂದು ವರ್ಷ ನೋಡೋಣ ಎಂದೆ. ಫಲಿತಾಂಶ ಏರಿತು ಎಂದು ಹೇಳಿಕೊಳ್ಳಲಾರೆ. ಇಳಿಯಲಿಲ್ಲ. ಆಟದ ನಂತರದ ಪೀರಿಯಡ್‌ನಲ್ಲಿ ಮಕ್ಕಳು ತೂಕಡಿಸುವುದು ಮಾತ್ರ ಕಡಿಮೆಯಾಗಿದೆ. ಆ ಪಾಲಕರು ಈಗ ಭಾನುವಾರ ಮಗನ ಜೊತೆ ಹುಲಿ-ಕುರಿ ಆಡುತ್ತಾರಂತೆ. ಹುಲಿ ಯಾರು ಎಂಬುದಕ್ಕೆ ಇಬ್ಬರಿಗೂ ಜಗಳವಂತೆ.

ನಾರಾಯಣಪುರಕ್ಕೆ ಹೋಗುವುದು ಕಷ್ಟವಲ್ಲ. ಯಾದಗಿರಿಗೆ ರೈಲಿದೆ, ಅಲ್ಲಿಂದ ಶಹಾಪುರ, ಸುರಪುರ, ಹುಣಸಗಿ ಮಾರ್ಗವಾಗಿ ಬಸ್ಸಿನಲ್ಲಿ ಹೋಗಬಹುದು. ಹೋದಾಗ ಅಣೆಕಟ್ಟೆಯನ್ನಷ್ಟೇ ನೋಡಿ ಮರಳಬೇಡಿ. ಗುಡಿಯ ಕಟ್ಟೆಯ ಮೇಲೆ ಯಾರಾದರೂ ಹುಣಸೆ ಬೀಜ ಹಿಡಿದು ಕುಳಿತಿದ್ದರೆ ಮಕ್ಕಳನ್ನು ಎದುರಿಗೆ ಕೂರಿಸಿ. ಅವರು ಸೋತ ಮೇಲೆ ನೀವೂ ಕುಳಿತುಕೊಳ್ಳಿ.